ಹಿಟ್ಟಿನ ಡಬ್ಬಿಗೆ ಕೆಂಪು ಶಾಯಿ

ಮಾನ್ಯ ಸಂಪಾದಕರೇ,

ನನ್ನ ಮಗ ತುಮಕೂರಿನ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಎರಡನೇ ಕ್ಲಾಸು. ಈ ವರ್ಷ ಡೈರಿಯ ಮೊದಲ ಪುಟದಲ್ಲೇ ಊಟದ ಪಟ್ಟಿ ಅಚ್ಚು ಹಾಕಿಸಿದ್ದಾರೆ. ಸೋಮವಾರ ಚಪಾತಿ ಪಲ್ಯ, ಮಂಗಳವಾರ ರೈಸ್‌ಬಾತ್, ಬುಧವಾರ ಇಡ್ಲಿ ಅಥವಾ ದೋಸೆ, ಗುರುವಾರ ಪರೋಟ, ಶುಕ್ರವಾರ ‘ಕಾಂಟಿನೆಂಟಲ್’. ಮೊಟ್ಟೆ, ಮಾಂಸ ತರಕೂಡದು. ಕೈಗೆ ಅಂಟುವಂಥದ್ದು, ವಾಸನೆ ಬರುವಂಥದ್ದು ತರಕೂಡದು. ಹತ್ತೂವರೆಗೆ ಫ್ರೂಟ್ ಬ್ರೇಕ್, ಅದಕ್ಕೆ ಸೇಬು ಇಲ್ಲವೆ ದ್ರಾಕ್ಷಿ. ಮೊನ್ನೆ ಒಂದು ಮಂಗಳವಾರ ನನಗೆ ಜ್ವರ. ನಮ್ಮತ್ತೆ ಬೆಳಗ್ಗೆ ಹಿಟ್ಟು ಮಾಡಿ, ಪುಟ್ಟದೊಂದು ಮುದ್ದೆ, ಅವರೆಕಾಳು ಸಾರು ಡಬ್ಬಿಗೆ ಹಾಕಿ ಕಳಿಸಿದರು. ಸಂಜೆ ಡಬ್ಬಿ ಹಾಗೇ ವಾಪಸ್ಸು ಬಂತು. ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು: ‘ದಯವಿಟ್ಟು ಸರಿಯಾದ ಆಹಾರ ಕಳಿಸಿ.’ ಆಯಾ ಕೊಟ್ಟ ಎರಡು ಕ್ರೀಮ್ ಬಿಸ್ಕತ್ತಿನಲ್ಲಿ ಮಗು ಅವತ್ತು ದಿನ ಕಳೆದಿದ್ದ. ಆಮೇಲಿಂದ ‘ಮನೇಲಿ ಮುದ್ದೆ ತಿಂತೀವಿ ಅಂತ ಸ್ಕೂಲಲ್ಲಿ ಹೇಳಬೇಡ’ ಅಂತ ಅವನಿಗೆ ಹೇಳಿಕೊಟ್ಟಿದ್ದೀನಿ. ನಮ್ಮ ಯಜಮಾನರು ಮಾತ್ರ ‘ಸ್ಕೂಲಿನೋರು ಮಾಡಿರೋದು ಒಳ್ಳೇದಕ್ಕೇ, ಚಿಪ್ಸ್ ಪ್ಯಾಕೆಟ್ ಕಳಿಸೋ ಅಮ್ಮಂದಿರೂ ಇದ್ದಾರೆ’ ಅಂತಾರೆ. ತಮ್ಮ ಅಭಿಪ್ರಾಯ ಏನು? ಇನ್ನೊಂದು ಮಾತು. ಬೆಳಗ್ಗೆ ಕಟ್ಟಿದ ಮುದ್ದೆ ಮಧ್ಯಾಹ್ನಕ್ಕೆ ಗಟ್ಟಿಯಾಗದ ಹಾಗೆ ಏನಾದರೂ ಉಪಾಯ ಇದ್ದರೆ ತಿಳಿಸಿ.

— ಒಬ್ಬ ತಾಯಿ, ಗುಬ್ಬಿ ತಾಲ್ಲೂಕು (ಹೆಸರು ಹಾಕಬೇಡಿ ಎಂದಿದ್ದಾರೆ)

ಸಂಪಾದಕರ ಉತ್ತರ:

ತಾಯಿ, ನಿಮ್ಮ ಕಾಗದಕ್ಕೆ ಅರ್ಧ ಕಾಲಂ ಉತ್ತರ ಸಾಕು ಎಂದು ನಮ್ಮ ಪುಟ ಕಟ್ಟುವ ಹುಡುಗ ಅಷ್ಟೇ ಜಾಗ ಬಿಟ್ಟಿದ್ದ. ಅವನನ್ನು ಕಾಡಿ ಬೇಡಿ ಎರಡು ಪುಟ ಗಿಟ್ಟಿಸಿಕೊಂಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಈ ವ್ಯಾಜ್ಯದಲ್ಲಿ ನನ್ನಿಂದ ಪಂಚಾಯ್ತಿ ನಿರೀಕ್ಷಿಸಬೇಡಿ. ನಾನು ನಿಮ್ಮ ಅತ್ತೆಯ ಪಾರ್ಟಿ.

ನಿಮ್ಮ ಯಜಮಾನರ ಮಾತನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ನನಗೆ ಪರಿಚಯದ ಟೀಚರಮ್ಮ ಒಬ್ಬರು ಹೇಳುತ್ತಿದ್ದರು, ಸೋಮವಾರ ಬಂತೆಂದರೆ ಕೆಲವು ಮಕ್ಕಳ ಬ್ಯಾಗಿನಲ್ಲಿ ಡಬ್ಬಿಯೇ ಇರುವುದಿಲ್ಲ, ಹತ್ತು ರೂಪಾಯಿಯ ಕುರುಕಲು ಪ್ಯಾಕೆಟ್ಟೇ ಊಟ ಎಂದು. ಯಾವುದಾದರೂ ಮಗುವಿಗೆ ಕಡಲೆಕಾಯಿ ಆಗಿಬರುವುದಿಲ್ಲವೆಂದರೆ ಪಕ್ಕದ ಮಗುವಿನ ಚಟ್ನಿಯ ಮೇಲೂ ಶಾಲೆ ಒಂದು ಕಣ್ಣಿಡಬೇಕಾಗುತ್ತದೆ. ಒಪ್ಪಿದೆ. ಆದರೆ ನಿಮ್ಮ ಅತ್ತೆ ಕಳಿಸಿದ್ದು ಚಿಪ್ಸ್ ಪ್ಯಾಕೆಟ್ಟಲ್ಲವಲ್ಲ.

ಆ ಕೆಂಪು ಶಾಯಿಯ ಸಾಲನ್ನೇ ಹಿಡಿದುಕೊಳ್ಳೋಣ. ‘ಸರಿಯಾದ ಆಹಾರ.’ ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ತೂಕದ ಹಾಲಿನಲ್ಲಿ ಇರುವುದು 120ರ ಆಸುಪಾಸು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ರಾಗಿಯ ಮೂವತ್ತರಲ್ಲೊಂದು ಪಾಲೂ ಇರುವುದಿಲ್ಲ. ಮಂಗಳವಾರದ ಸರಿಯಾದ ಆಹಾರ ಅದರಲ್ಲೇ ಮಾಡಿದ ರೈಸ್‌ಬಾತು. ಅವರೆಕಾಳಿನ ಕಸುವನ್ನು ನಿಮ್ಮ ಅತ್ತೆಗೆ ನಾನು ಹೇಳಿಕೊಡಬೇಕಾಗಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ, ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇಂಥ ನಾಡಿನ ಶಾಲೆಯೊಂದು ಹಿಟ್ಟು, ಕಾಳು ಸಾರಿನ ಡಬ್ಬಿಯನ್ನು ಬದಿಗಿಟ್ಟು ಮಗುವಿನ ಕೈಗೆ ಕ್ರೀಮ್ ಬಿಸ್ಕತ್ತು ಕೊಟ್ಟಿತು. ಕೆಂಪು ಶಾಯಿ ಬಿದ್ದದ್ದು ಬಿಸ್ಕತ್ತಿಗಲ್ಲ, ಡಬ್ಬಿಗೆ.

ಇಂಥದ್ದು ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ 2012ರಲ್ಲಿ ನಾಲ್ಕು ವರ್ಷದ ಮಗುವೊಂದು ಅಮ್ಮ ಕಟ್ಟಿಕೊಟ್ಟ ಸ್ಯಾಂಡ್‌ವಿಚ್ಚು, ಬಾಳೆಹಣ್ಣು, ಚಿಪ್ಸು, ಸೇಬಿನ ರಸ ತಂದಿತ್ತು. ಡಬ್ಬಿ ಸರ್ಕಾರದ ಅಳತೆಗೆ ಕೂರುವುದಿಲ್ಲ ಎಂದಾಯಿತು. ಕೊನೆಗೆ ಆ ಮಗು ತಿಂದದ್ದು ಶಾಲೆಯ ಕ್ಯಾಂಟೀನಿನ ಚಿಕನ್ ನಗೆಟ್ಸು! ನಿಮ್ಮ ಮಗನ ಕ್ರೀಮ್ ಬಿಸ್ಕತ್ತಿಗೆ ಅಲ್ಲೊಬ್ಬ ಅಣ್ಣ ಸಿಕ್ಕ ನೋಡಿ. ಇಂಗ್ಲೆಂಡಿನ ರಾದರ್‌ಹ್ಯಾಮ್ ಕಡೆ 2006ರಲ್ಲಿ ಇದಕ್ಕೆ ತಿರುಗಾಮುರುಗಾ ನಡೆದಿತ್ತು. ಶಾಲೆ ಊಟ ಸುಧಾರಿಸುತ್ತೇವೆಂದು ಹೊರಟಾಗ ಕೆಲವು ತಾಯಂದಿರು ಬೇಲಿಯ ಆಚೆ ನಿಂತು ಬರ್ಗರು, ಚಿಪ್ಸು ಒಳಗೆ ಸಾಗಿಸಿದರು. ಚಿಪ್ಸಿನ ವಿಷಯದಲ್ಲಿ ನಾನು ಆ ತಾಯಂದಿರ ಕಡೆ ಇಲ್ಲ. ಆದರೆ ಬೇಲಿಯ ಹತ್ತಿರ ನಿಲ್ಲುವ ಅವರ ಗುಂಡಿಗೆಯಲ್ಲಿ ಒಂದು ಚೂರು ಗುಬ್ಬಿ ತಾಲ್ಲೂಕಿಗೂ ಬರಲಿ.

ಕಾನೂನು ಏನನ್ನುತ್ತೆ ಎಂದು ಕೇಳುವವರಿಗೆ: ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಶಾಲಾ ಮಕ್ಕಳ ಆಹಾರಕ್ಕೆಂದೇ ನಿಯಮ ತಂದಿದೆ. ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿಂಡಿಯನ್ನು ಶಾಲೆಯೊಳಗೂ ಶಾಲೆಯ ಗೇಟಿನಿಂದ 50 ಮೀಟರ್ ಒಳಗೂ ಮಾರುವಂತಿಲ್ಲ. ಹಿಡಿತವೆಲ್ಲ ಮಾರುವವನ ಮೇಲೆ, ಜಾಹೀರಾತು ಹಾಕುವವನ ಮೇಲೆ. ನಿಮ್ಮ ಶಾಲೆಯ ಗೇಟಿನಿಂದ ಐವತ್ತು ಮೀಟರ್ ಅಳೆದು ನೋಡಿ, ಎಷ್ಟು ಅಂಗಡಿಯಲ್ಲಿ ಬಣ್ಣಬಣ್ಣದ ಪ್ಯಾಕೆಟ್ಟಿನ ಸರ ನೇತಾಡುತ್ತಿದೆ ಎಂದು. ಅಲ್ಲಿಗೆ ಹೋಗಿ ಕೇಳಲು ಧೈರ್ಯ ಬೇಕು. ಎರಡನೇ ಕ್ಲಾಸಿನ ಹುಡುಗನ ಡಬ್ಬಿ ಮುಚ್ಚಳ ತೆಗೆಯಲು ಏನು ಬೇಕು?

ಇನ್ನು ಆ ‘ಕೈಗೆ ಅಂಟುವಂಥದ್ದು’. ಇದರ ಗುಟ್ಟು ನನಗೆ ಗೊತ್ತಾದದ್ದು ಮೂರು ವರ್ಷದ ಹಿಂದೆ, ಇಂಥದ್ದೇ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಅತಿಥಿಯಾಗಿ ಹೋದಾಗ. (ಶಾಲೆಯ ಹೆಸರು ಹೇಳುವುದಿಲ್ಲ. ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟಿದ್ದಾರೆ, ಋಣ ಇದೆ.) ಕಾಂಪೌಂಡಿನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಹಿಟ್ಟಂ ತಿಂದವ ಬೆಟ್ಟವ ಕಿತ್ತಿಟ್ಟಂ’ ಎಂದು ಬರೆಸಿದ್ದರು. ಪಕ್ಕದಲ್ಲಿ ರಾಗಿ ತೆನೆಯ ಚಿತ್ರ. 2023 ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷವಾಗಿತ್ತಲ್ಲ, ಆಗ ಬರೆಸಿದ್ದಂತೆ. ಭಾಷಣಕ್ಕೆ ಮುಂಚೆ ಕೈ ತೊಳೆಯೋಣವೆಂದು ಹಿಂದುಗಡೆ ಹೋದೆ. ನಾಲ್ಕು ನಲ್ಲಿ. ಒಂದಕ್ಕೆ ಗೋಣಿದಾರ ಬಿಗಿದು ಕಟ್ಟಿತ್ತು, ಇನ್ನೊಂದರಲ್ಲಿ ಗಾಳಿ ಬರುತ್ತಿತ್ತು. ಉಳಿದ ಎರಡರ ಮುಂದೆ ಇಡೀ ಶಾಲೆ. ಊಟದ ಬಿಡುವು ಇಪ್ಪತ್ತು ನಿಮಿಷ. ಆ ಎರಡು ನಲ್ಲಿಯಲ್ಲಿ ಅಷ್ಟು ಮಕ್ಕಳು ಮುದ್ದೆ ಮೆತ್ತಿದ ಕೈ ಯಾವಾಗ ತೊಳೆಯಬೇಕು? ಅದಕ್ಕೇ ಮುದ್ದೆ ಬೇಡ, ಚಮಚದಲ್ಲಿ ತಿನ್ನುವಂಥದ್ದು ಕಳಿಸಿ ಎನ್ನುತ್ತಾರೆ. ನಲ್ಲಿ ರಿಪೇರಿಗೆ ಪ್ಲಂಬರ್ ಬೇಕು, ದುಡ್ಡು ಬೇಕು. ಡೈರಿಯಲ್ಲಿ ನಿಯಮ ಅಚ್ಚು ಹಾಕಿಸಿದರೆ ಪುಕ್ಕಟೆ.

ನಮ್ಮ ತುಮಕೂರಿನಲ್ಲೇ, ಶಹರದಿಂದ ಕೂಗಳತೆಯಲ್ಲಿ ಸಿದ್ಧಗಂಗೆ ಇದೆ. ಸಾವಿರಾರು ಮಕ್ಕಳು ಸಾಲು ಹಿಡಿದು ಕೂತು, ಕೈಯಲ್ಲೇ ಮುದ್ದೆ ಮುರಿದು ಸಾರಿಗೆ ಅದ್ದಿ ಉಣ್ಣುತ್ತಾರೆ. 2019ರ ಜನವರಿಯಲ್ಲಿ ಶಿವಕುಮಾರ ಸ್ವಾಮಿಗಳು 111 ವರ್ಷ ತುಂಬು ಬಾಳು ಬಾಳಿ ಲಿಂಗೈಕ್ಯರಾದಾಗ ದೇಶದ ದೊಡ್ಡವರೆಲ್ಲ ಆ ದಾಸೋಹವನ್ನು ಕೊಂಡಾಡಿದರು. ನಿಮ್ಮ ಶಾಲೆಯವರೂ ಅವತ್ತು ಫೋಟೋ ಇಟ್ಟು ಹಾರ ಹಾಕಿರುತ್ತಾರೆ. ಆ ಮಠದಲ್ಲಿ ಉಂಡು ಬೆಳೆದವರಲ್ಲಿ ಎಷ್ಟು ಜನ ಮೇಷ್ಟ್ರಾಗಿದ್ದಾರೆ, ಎಂಜಿನಿಯರಾಗಿದ್ದಾರೆ, ಅಧಿಕಾರಿಗಳಾಗಿದ್ದಾರೆ ಎಂದು ಕೇಳಿ ನೋಡಿ. ಅಂಟಿದ ಕೈಯಲ್ಲೇ ಪೆನ್ನು ಹಿಡಿದವರು ಅವರೆಲ್ಲ.

‘ವಾಸನೆ ಬರುವಂಥದ್ದು’ ಎನ್ನುವ ಮಾತಿಗೆ ಬರೋಣ. ಇದು ನನ್ನನ್ನು ರಾತ್ರಿ ನಿದ್ದೆಗೆಡಿಸಿದ ಮಾತು. ನಮ್ಮ ಭಾಷೆಯಲ್ಲಿ ಮೂಗಿಗೆ ಎಷ್ಟೊಂದು ಪದಗಳಿವೆ ನೋಡಿ. ಘಮ, ಪರಿಮಳ, ಕಂಪು, ವಾಸನೆ, ಕಮಟು, ನಾತ. ಅವರೆಕಾಯಿಗೆಂದೇ ಇನ್ನೊಂದಿದೆ, ಸೊಗಡು. ಈ ಚಳಿಗಾಲದಲ್ಲಿ ತುಮಕೂರಿನ ಯಾವ ತರಕಾರಿ ಅಂಗಡಿ ಮುಂದಾದರೂ ನಿಂತು ನೋಡಿ, ಹೆಂಗಸರು ಅವರೆಕಾಯಿಯನ್ನು ಕೈಯಲ್ಲಿ ಉಜ್ಜಿ ಮೂಸಿ ನೋಡುತ್ತಾರೆ. ಬೆರಳಿಗೆ ಎಣ್ಣೆಯಂಥ ಅಂಟು ಹತ್ತಬೇಕು, ಸೊಗಡು ಮೂಗಿಗೆ ಹೊಡೆಯಬೇಕು. ಇಲ್ಲದಿದ್ದರೆ ‘ಸೊಗಡೇ ಇಲ್ಲ ಕಣಪ್ಪ, ಯಾವೂರ ಕಾಯಿ ಇದು’ ಎಂದು ಬುಟ್ಟಿಗೆ ಎಸೆದು ಮುಂದಕ್ಕೆ ಹೋಗುತ್ತಾರೆ. ಸೊಗಡಿಗೇ ಹೆಚ್ಚು ದುಡ್ಡು. ಆ ದುಡ್ಡು ಕೊಟ್ಟು ತಂದು, ಸುಲಿದು, ಸಾರು ಮಾಡಿ ಡಬ್ಬಿಗೆ ಹಾಕಿದರೆ ಅದು ಶಾಲೆಯ ಬಾಗಿಲು ದಾಟುತ್ತಲೇ ‘ವಾಸನೆ’ ಆಗುತ್ತದೆ. ಪರೋಟದ ಬೆಣ್ಣೆಗೂ ವಾಸನೆ ಇದೆ, ಅದಕ್ಕೆ ಯಾರೂ ಡೈರಿ ತೆಗೆಯುವುದಿಲ್ಲ. ಯಾರ ಮನೆಯ ವಾಸನೆ ಘಮ, ಯಾರ ಮನೆಯದು ನಾತ ಎಂದು ತೀರ್ಮಾನಿಸುವ ಮೂಗು ಎಲ್ಲಿಂದ ಬಂತು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮೂರುಗಳಲ್ಲಿ ಬೀದಿಗೊಂದು ಅಡುಗೆ, ಅಡುಗೆಗೊಂದು ಜಾತಿ ಇದ್ದದ್ದು ಎಲ್ಲರಿಗೂ ಗೊತ್ತು. ಶಾಲೆಯಲ್ಲಾದರೂ ಅದು ಕರಗುತ್ತದೆ ಎಂದುಕೊಂಡಿದ್ದೆವು.

ಮೊಟ್ಟೆಯ ವಿಷಯವೂ ಇದೇ. ಸರ್ಕಾರಿ ಶಾಲೆಯಲ್ಲಿ ಏನಾಗುತ್ತಿದೆ ನೋಡಿ. ಅಕ್ಷರ ದಾಸೋಹ 2002ರಲ್ಲಿ ಶುರುವಾಯಿತು, 2013ರಲ್ಲಿ ಕ್ಷೀರಭಾಗ್ಯ ಬಂತು, 2024ರ ಫೆಬ್ರವರಿಯಿಂದ ಆ ಹಾಲಿಗೆ ರಾಗಿ ಹುಡಿ ಬೆರೆಸಿ ಕೊಡುತ್ತಿದ್ದಾರೆ. ಆ ರಾಗಿ ಹುಡಿ ಕೊಡುವ ಟ್ರಸ್ಟು ಇರುವುದು ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ, ವಿಶ್ವೇಶ್ವರಯ್ಯನವರ ಊರಿನಲ್ಲಿ. ಮೊಟ್ಟೆಯ ಮೇಲೆ ದೊಡ್ಡ ಗಲಾಟೆಯೇ ನಡೆಯಿತು. ಆದರೂ ಈಗ, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಹಣ ಕೊಟ್ಟ ಮೇಲೆ, ವಾರದ ಆರು ದಿನವೂ ಮೊಟ್ಟೆ. ಒಲ್ಲೆ ಎಂದವರಿಗೆ ಬಾಳೆಹಣ್ಣು. ಕಾಸು ಕೊಡದೆ ಓದುವ ಮಗುವನ್ನು ಸರ್ಕಾರ ‘ನಿನಗೆ ಯಾವುದು ಬೇಕಪ್ಪ’ ಎಂದು ಕೇಳುತ್ತದೆ. ಡೊನೇಶನ್ ಕಟ್ಟಿ ಸೇರಿಸಿದ ನಿಮ್ಮ ಮಗುವನ್ನು ಕೇಳುವವರಿಲ್ಲ. ಉತ್ತರ ಪ್ರದೇಶದ ಅಮ್ರೋಹಾದಲ್ಲಿ 2024ರಲ್ಲಿ ಮಾಂಸದೂಟದ ಡಬ್ಬಿಯ ಕಾರಣಕ್ಕೆ ಏಳು ವರ್ಷದ ಹುಡುಗನನ್ನು ಶಾಲೆಯಿಂದಲೇ ಹೊರಗೆ ಹಾಕಿದ ಸುದ್ದಿ ಓದಿರಬಹುದು. ಹೈಕೋರ್ಟಿನ ತನಕ ಹೋಯಿತು ಅದು. ನಾವಿನ್ನೂ ಕೆಂಪು ಶಾಯಿಯ ಹಂತದಲ್ಲಿದ್ದೇವೆ.

ಫ್ರೂಟ್ ಬ್ರೇಕಿನ ಸೇಬನ್ನು ಬಿಟ್ಟರೆ ನನಗೆ ಪಾಪ ಸುತ್ತಿಕೊಳ್ಳುತ್ತದೆ. ಗುಬ್ಬಿ ತಾಲ್ಲೂಕಿನವರಲ್ಲವೆ ನೀವು? ಚೇಳೂರು ಕಡೆಯ ಕೆಂಪು ತೊಳೆಯ ಹಲಸು, ‘ಸಿದ್ದು’ ತಳಿ, ಹಿರೇಹಳ್ಳಿಯ ಸಂಶೋಧನಾ ಕೇಂದ್ರದವರು ಹುಡುಕಿ ಎತ್ತಿ ತೋರಿಸಿದ ಮೇಲೆ ಅದರ ಸಸಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಆ ತಾಲ್ಲೂಕಿನ ಮಗು ಹಲಸಿನ ತೊಳೆ ತಂದರೆ ವಾಸನೆ, ಸೀಬೆ ತಂದರೆ ಬೀಜ, ನೇರಳೆ ತಂದರೆ ಯೂನಿಫಾರಂ ಕಲೆ. ಮೇಣ ಹಚ್ಚಿ ಹೊಳೆಯುವ ಸೇಬು ಮಾತ್ರ ಹಣ್ಣು! ಇರಲಿ, ಶುಕ್ರವಾರದ ‘ಕಾಂಟಿನೆಂಟಲ್’ಗೆ ಮಾತ್ರ ಒಂದು ಸಲಹೆ ಕೊಡುತ್ತೇನೆ. ಅವತ್ತು ಮುದ್ದೆಯನ್ನೇ ಕಳಿಸಿ. ರಾಗಿ ಹುಟ್ಟಿದ್ದು ಆಫ್ರಿಕಾ ಖಂಡದಲ್ಲಿ, ಪೂರ್ವದ ಎತ್ತರದ ನಾಡಿನಲ್ಲಿ. ಸಾವಿರಾರು ವರ್ಷದ ಹಿಂದೆ ಸಮುದ್ರ ದಾಟಿ ಬಂದು ನಮ್ಮದಾಯಿತು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಕೂತು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಗಂಟು ಹಾಕಿ ‘ಇಂಡಾಫ್’ ತಳಿಗಳನ್ನು ಕೊಟ್ಟವರು ರಾಗಿ ಲಕ್ಷ್ಮಣಯ್ಯನವರು. ಆ ಹೆಸರಿನಲ್ಲೇ ಇಂಡಿಯಾ ಇದೆ, ಆಫ್ರಿಕಾ ಇದೆ. ಎರಡು ಖಂಡ ಒಂದು ಡಬ್ಬಿಯಲ್ಲಿ. ಇದಕ್ಕಿಂತ ಕಾಂಟಿನೆಂಟಲ್ ಬೇಕೆ? ಕನಕದಾಸರು ರಾಗಿಗೂ ಭತ್ತಕ್ಕೂ ಜಗಳ ಹಚ್ಚಿ ರಾಮನ ಮುಂದೆ ನಿಲ್ಲಿಸಿದ ಕಥೆ ನಿಮಗೆ ಗೊತ್ತೇ ಇದೆ. ಅಲ್ಲಿ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಪರೀಕ್ಷೆ ಮಾಡಿ ಆಮೇಲೆ ತೀರ್ಪು ಕೊಟ್ಟ. ನಿಮ್ಮ ಅತ್ತೆಯ ಮುದ್ದೆಗೆ ಆರು ನಿಮಿಷದ ವಿಚಾರಣೆಯೂ ಸಿಗಲಿಲ್ಲ.

ಡಬ್ಬಿ ತಪಾಸಣೆ ಹೊಸದೇನಲ್ಲ ಎಂದು ನನ್ನ ಅನುಭವವನ್ನೂ ಹೇಳಬೇಕು. ಅರವತ್ತರ ದಶಕದ ಕೊನೆಗೆ ನಾನು ಹಳ್ಳಿಯ ಸರ್ಕಾರಿ ಶಾಲೆಯಲ್ಲಿದ್ದೆ. ಆಗ ‘ಕೇರ್’ ಸಂಸ್ಥೆಯಿಂದ ಅಮೆರಿಕದ ಗೋಧಿ, ಹಾಲಿನ ಪುಡಿ ಬರುತ್ತಿತ್ತು. ಆ ಗೋಧಿಯ ಉಪ್ಪಿಟ್ಟು, ನನ್ನ ವಯಸ್ಸಿನವರಿಗೆ ಈಗಲೂ ಅದರ ರುಚಿ ನಾಲಗೆಯ ಮೇಲಿದೆ. ಉಪ್ಪಿಟ್ಟು ಸಾಲದೆ ಬರುತ್ತಿದ್ದುದರಿಂದ ನಮ್ಮ ಹೆಡ್‌ಮೇಷ್ಟ್ರು ಮನೆಯಿಂದ ಬುತ್ತಿ ತಂದವರಿಗೆ ಇಲ್ಲ ಎಂದು ಕಟ್ಟಪ್ಪಣೆ ಮಾಡಿದರು. ಅವ್ವ ನನಗೆ ರಾಗಿ ರೊಟ್ಟಿ ಕಟ್ಟುತ್ತಿದ್ದಳು. ಸಬ್ಬಸಿಗೆ ಸೊಪ್ಪು, ಈರುಳ್ಳಿ ಹಾಕಿ ತಟ್ಟಿದ ದಪ್ಪ ರೊಟ್ಟಿ, ಅದರ ನಡುವೆ ಹುಚ್ಚೆಳ್ಳು ಚಟ್ನಿ ಸವರಿ ಮಡಚಿ, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ್ದು. ಎರಡೂ ಬೇಕೆಂಬ ಆಸೆಗೆ ನಾನು ಬುತ್ತಿಯನ್ನು ದಾರಿಯಲ್ಲೇ ಲಂಟಾನ ಪೊದೆಯೊಳಗೆ ಬಚ್ಚಿಟ್ಟು, ಉಪ್ಪಿಟ್ಟು ತಿಂದು, ಸಂಜೆ ಹೋಗುವಾಗ ರೊಟ್ಟಿ ತಿನ್ನುತ್ತಿದ್ದೆ. ಮೇಷ್ಟ್ರಿಗೆ ಅನುಮಾನ ಬಂದು ಒಂದು ದಿನ ಸಾಲಾಗಿ ನಿಲ್ಲಿಸಿ ಎಲ್ಲರ ಕೈ ಮೂಸಿ ನೋಡಿದರು. ಹುಚ್ಚೆಳ್ಳಿನ ವಾಸನೆ ನಲ್ಲಿ ನೀರಿಗೆ ಹೋಗುವಂಥದ್ದಲ್ಲ. ಹಿಂದಿನ ಸಂಜೆಯದ್ದು ಇನ್ನೂ ಕೈಯಲ್ಲೇ ಇತ್ತು. ಸಿಕ್ಕಿಬಿದ್ದೆ. ಎರಡು ಏಟು ಬಿತ್ತು, ಉಪ್ಪಿಟ್ಟು ತಪ್ಪಿತು, ಪೊದೆಯ ಹತ್ತಿರ ಓಡಿ ಹೋಗಿ ನೋಡಿದರೆ ಯಾರದ್ದೋ ಮೇಕೆ ಪಂಚೆ ತುಂಡು ಸಮೇತ ಮುಗಿಸಿತ್ತು.

ಈಗಲೂ ನೆನೆಸಿಕೊಂಡರೆ ನಗು ಬರುತ್ತದೆ. ಆದರೆ ನಿಮ್ಮ ಕಾಗದದ ಒಂದು ಸಾಲು ಓದಿದಾಗ ನಗು ನಿಂತುಹೋಯಿತು. ನಾನು ಬುತ್ತಿ ಬಚ್ಚಿಟ್ಟದ್ದು ಹೊಟ್ಟೆಬಾಕತನಕ್ಕೆ. ನಿಮ್ಮ ಮಗ ಬಚ್ಚಿಡುವುದು ನಾಚಿಕೆಗೆ. ‘ಮನೇಲಿ ಮುದ್ದೆ ತಿಂತೀವಿ ಅಂತ ಹೇಳಬೇಡ’ ಎಂದು ನೀವೇ ಹೇಳಿಕೊಟ್ಟಿರಂತೆ! ಇದಕ್ಕೆ ಮಾತ್ರ ನಿಮ್ಮನ್ನು ಬೈಯದೆ ಬಿಡುವುದಿಲ್ಲ, ತಾಯಿ. ಶಾಲೆಯವರು ಒಂದು ದಿನದ ಡಬ್ಬಿಗೆ ಕೆಂಪು ಶಾಯಿ ಬಳಿದರು. ನೀವು ಮನೆಯ ಒಲೆಗೇ ಬಳಿದಿರಿ. ಏಳು ವರ್ಷದ ಮಗುವಿಗೆ ಅಜ್ಜಿಯ ಕೈಯ ಅಡುಗೆ ಒಂದು ಗುಟ್ಟು ಎಂದು ಗೊತ್ತಾದರೆ, ನಾಳೆ ಗೆಳೆಯರನ್ನು ಮನೆಗೆ ಕರೆಯುವುದಿಲ್ಲ, ನಾಳಿದ್ದು ಅಜ್ಜಿ ಗೇಟಿನ ಹತ್ತಿರ ಬಂದರೆ ‘ಪಕ್ಕದ್ಮನೆಯವರು’ ಎನ್ನುತ್ತಾನೆ. ಅತ್ತೆಗೆ ಆ ಸಾಲು ಓದಿ ಹೇಳಿದಿರೋ ಇಲ್ಲವೋ ಬರೆದಿಲ್ಲ. ಹೇಳಿಲ್ಲ ಎಂದೇ ನನ್ನ ಊಹೆ.

ಇದರ ಪರಿಣಾಮ ಬೇಕಾದರೆ ನಮ್ಮ ಬೀದಿಯ ಸ್ಕೂಲ್ ಆಟೋದವನನ್ನು ಕೇಳಿ. ಅವನ ಆಟೋದಲ್ಲಿ ದಿನಾ ಒಂಬತ್ತು ಮಕ್ಕಳು. ಮೂರೂವರೆಗೆ ಶಾಲೆ ಬಿಟ್ಟ ಮೇಲೆ ಒಂದು ಖಾಲಿ ಸೈಟಿನ ಹತ್ತಿರ ‘ಅಂಕಲ್, ಎರಡೇ ನಿಮಿಷ’ ಎಂದು ನಿಲ್ಲಿಸುತ್ತಾರಂತೆ. ಡಬ್ಬಿಗಳು ತೆರೆಯುತ್ತವೆ, ಚಪಾತಿ ರೋಲು, ಪಾಸ್ತಾ, ಪರೋಟ ಎಲ್ಲ ಅಲ್ಲಿಗೆ. ‘ಸಾರ್, ಮೂರು ಇಪ್ಪತ್ತೈದಕ್ಕೇ ನಾಯಿಗಳು ಬಂದು ಕೂತಿರ್ತವೆ. ಭಾನುವಾರಾನೂ ಬರ್ತವೆ ಪಾಪ’ ಎಂದ. ಪಟ್ಟಿಯ ಪ್ರಕಾರ ಕಳಿಸಿದ ಊಟವನ್ನು ಶಾಲೆ ಒಪ್ಪಿತು, ಮಗು ಒಪ್ಪಲಿಲ್ಲ. ಖಾಲಿ ಡಬ್ಬಿ ನೋಡಿ ಮನೆಯಲ್ಲಿ ಅಮ್ಮನಿಗೆ ಸಂತೋಷ.

ಮಾತು ಎಲ್ಲೆಲ್ಲಿಗೋ ಹೋಯಿತು. ಯೂನಿಫಾರಂ ನಮ್ಮಲ್ಲೇ ತಗೊಳ್ಳಿ, ಬೂಟು ನಮ್ಮಲ್ಲೇ ತಗೊಳ್ಳಿ, ಪುಸ್ತಕಕ್ಕೆ ಹಾಕುವ ಬೈಂಡು ಕಾಗದವೂ ನಮ್ಮದೇ ಎನ್ನುವಾಗ ನಾವು ತೆಪ್ಪಗೆ ದುಡ್ಡು ಎಣಿಸಿ ಕೊಟ್ಟೆವು. ಮನೆಯಲ್ಲಿ ಇಂಗ್ಲಿಷಿನಲ್ಲೇ ಮಾತಾಡಿಸಿ ಎಂದರು, ‘ಕಮ್ ಪುಟ್ಟಾ, ಈಟ್ ಪುಟ್ಟಾ’ ಎಂದೆವು. ಅಷ್ಟು ದೂರ ಬಿಟ್ಟುಕೊಂಡ ಮೇಲೆ ಅಡುಗೆಮನೆಗೆ ಬಾರದೆ ಇನ್ನೆಲ್ಲಿಗೆ ಬರುತ್ತಾರೆ? ಟೀಚರುಗಳ ಮೇಲೆ ನನಗೆ ಸಿಟ್ಟಿಲ್ಲ. ಆ ಕೆಂಪು ಪೆನ್ನು ಹಿಡಿದ ಹುಡುಗಿಗೆ ಸಂಬಳ ಎಷ್ಟು ಬರುತ್ತದೋ, ಅವಳ ಡಬ್ಬಿಯಲ್ಲೂ ಅವತ್ತು ಅವರೆಕಾಳು ಸಾರೇ ಇತ್ತೋ ಏನೋ.

ನೀವು ಮಾಡಬೇಕಾದದ್ದು ಇಷ್ಟು. ಮುಂದಿನ ಪೋಷಕರ ಸಭೆಗೆ ಯಜಮಾನರ ಜೊತೆ ಅತ್ತೆಯನ್ನೂ ಕರೆದುಕೊಂಡು ಹೋಗಿ. ಜಗಳ ಬೇಡ. ‘ಮುದ್ದೆಯಲ್ಲಿ ಏನು ಸರಿ ಇಲ್ಲ, ಸ್ವಲ್ಪ ಬರೆದುಕೊಡಿ ಮೇಡಂ’ ಎಂದು ಕೇಳಿ. ಬರೆದುಕೊಡುವುದಿಲ್ಲ, ನನ್ನ ಮಾತು ನಂಬಿ. ಬರುವಾಗ ನಲ್ಲಿ ಎಣಿಸಿಕೊಂಡು ಬಂದು ನಮಗೊಂದು ಕಾರ್ಡು ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ. ಮತ್ತೆ ಆ ಕೆಂಪು ಸಾಲಿನ ಕೆಳಗೆ ನೀಲಿ ಶಾಯಿಯಲ್ಲಿ, ಕನ್ನಡದಲ್ಲೇ, ‘ನೋಡಿದೆ. ಇದು ನಮ್ಮ ಮನೆಯ ಊಟ’ ಎಂದು ಬರೆದು ಸಹಿ ಹಾಕಿ. ಸಹಿಯಲ್ಲಿ ಹೆಸರು ಪೂರ್ತಿ ಇರಲಿ, ನಮಗೆ ಬರೆದ ಹಾಗೆ ‘ಒಬ್ಬ ತಾಯಿ’ ಬೇಡ.

ಇಷ್ಟು ಬರೆದು ಮನೆಯಾಕೆಗೆ ಓದಲು ಕೊಟ್ಟರೆ, ‘ಆ ಹೆಣ್ಣುಮಗಳು ಕೇಳಿದ್ದು ಮುದ್ದೆ ಗಟ್ಟಿಯಾಗದ ಹಾಗೆ ಏನು ಮಾಡಬೇಕು ಅಂತ, ಅದನ್ನೇ ಬಿಟ್ಟಿದ್ದೀರಲ್ಲ’ ಎಂದಳು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಎಸರಿಗೆ ಮೊದಲು ಒಂದು ಹಿಡಿ ಅಕ್ಕಿ ನುಚ್ಚು ಹಾಕಿ ಮೆತ್ತಗೆ ಬೇಯಿಸಿ. ಆಮೇಲೆ ಹಿಟ್ಟು ಹಾಕಿ, ಕೋಲು ಚುಚ್ಚಿ, ಸಣ್ಣ ಉರಿಯಲ್ಲಿ ಚೆನ್ನಾಗಿ ಬೆಂದ ಮೇಲೆಯೇ ತಿರುವಬೇಕು. ಗಂಟಿರಕೂಡದು, ಹಿಟ್ಟು ಕೊಂಚ ಸಡಿಲವೇ ಇರಲಿ. ದೊಡ್ಡ ಮುದ್ದೆ ಕಟ್ಟಬೇಡಿ. ಅಂಗೈಗೆ ತುಪ್ಪ ಸವರಿಕೊಂಡು ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ ಬಾಳೆಲೆ ಹಾಸಿದ ಡಬ್ಬಿಯಲ್ಲಿಡಿ. ಬಿಸಿ ಇರುವಾಗ ಮುಚ್ಚಳ ಹಾಕಬೇಡಿ, ಬೆವರುತ್ತದೆ. ಸಾರು ಬೇರೆ ಡಬ್ಬಿಯಲ್ಲಿ, ಸ್ವಲ್ಪ ತೆಳ್ಳಗೆ. ಹತ್ತು ಉಂಡೆ ಹಾಕಿ, 

ಮಗ ಆರು ತಿನ್ನುತ್ತಾನೆ, ಉಳಿದ ನಾಲ್ಕು ಪಕ್ಕದ ಮಕ್ಕಳಿಗೆ ಎಂದಳು.

— ಸಂ.